ಟೊಮೆಟೊ ಸಸಿಗೆ ಬಿಟ್‌ಕಾಯಿನ್ ಪಡೆದ ಲೆಕ್ಕ

ಕೋಲಾರದ ಟೊಮೆಟೊ ಹಣ ಒಬ್ಬರ ಕೈಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ರೈತರು ನಮ್ಮ ನರ್ಸರಿಗೆ ಬಂದು ಸಸಿಗೆ ಮುಂಗಡ ಕೊಟ್ಟು ಹೋಗುತ್ತಾರೆ. ಆ ಮುಂಗಡ ಅದೇ ವಾರ ಬೀಜದಂಗಡಿಗೆ, ಕೋಕೋಪೀಟ್ ಲೋಡಿಗೆ, ಟ್ರೇ ತುಂಬುವ ಹೆಂಗಸರ ಕೂಲಿಗೆ ಹೋಗಿಬಿಡುತ್ತದೆ. ಸಸಿ ಎತ್ತುವ ದಿನ ಉಳಿದ ಅರ್ಧ ಬರುತ್ತದೆ. ಕೈಯಲ್ಲಿ ಇಲ್ಲದವರು ಕಾಯಿ ಕೊಯ್ದ ಮೇಲೆ ಕೊಡುತ್ತಾರೆ. ಎಪಿಎಂಸಿ ಯಾರ್ಡಿನಲ್ಲಿ ಬಾಕ್ಸ್ ಹರಾಜಾಗಿ, ಮಂಡಿಯವರು ತಮ್ಮ ಸಾಲ ಮುರಿದುಕೊಂಡು ಕೊಟ್ಟದ್ದರಲ್ಲಿ ನಮ್ಮ ಬಾಕಿಯೂ ತೀರಬೇಕು. ಈ ಸುತ್ತಿನಲ್ಲಿ ಎಲ್ಲರ ನಿದ್ದೆ ಕೆಡಿಸುವುದು ಟೊಮೆಟೊ ದರ. 2023ರ ಜುಲೈನಲ್ಲಿ 15 ಕೆ.ಜಿ.ಯ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನು ಇದೇ ಯಾರ್ಡಿನಲ್ಲಿ ಕಂಡಿದ್ದೇವೆ. ಕೊಯ್ಯುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದ ವರ್ಷಗಳನ್ನೂ ಕಂಡಿದ್ದೇವೆ. ಇಂಥ ಬೆಳೆಯನ್ನು ನಂಬಿ ಬದುಕುವವರಿಗೆ ಕೈಯಲ್ಲಿರುವ ಹಣವಾದರೂ ಅಲುಗಾಡದೆ ಇರಬೇಕು. ಇಂಟರ್ನೆಟ್‌ನಲ್ಲಷ್ಟೇ ಓಡಾಡುವ ಬಿಟ್‌ಕಾಯಿನ್ ಅನ್ನು ನಿತ್ಯದ ಹಣದಂತೆ ಪಡೆದು, ಬಳಸಲು ಹೊರಟು, ಕೊನೆಗೆ ರೂಪಾಯಿ ಮಾಡಿಕೊಂಡ ನನ್ನ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ಬಿಟ್‌ಕಾಯಿನ್ ಮಾತು ತೆಗೆದವನು ಮಾಲೂರು ಕಡೆಯ ಯುವಕ. ಸ್ವಲ್ಪ ಜಮೀನು, ಕೊಳವೆ ಬಾವಿ, ಡ್ರಿಪ್ ಇದೆ. ಜೊತೆಗೆ ಮನೆಯಲ್ಲಿ ಕುಳಿತೇ ಹೊರದೇಶದ ಒಂದು ಕಂಪನಿಗೆ ವೆಬ್‌ಸೈಟ್ ಕೆಲಸ ಮಾಡಿಕೊಡುತ್ತಾನೆ. ಆ ಕಂಪನಿ ಅವನಿಗೆ ಬಿಟ್‌ಕಾಯಿನ್‌ನಲ್ಲಿ ಹಣ ಕೊಡುತ್ತದೆ. ಅದನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟುತ್ತಾನೆ. ಓದಿಕೊಂಡವನು, ಮಾತಿನಲ್ಲಿ ನೇರ.

"ಅಕ್ಕಾ, ಸಸಿಗೆ ಬಿಟ್‌ಕಾಯಿನ್ ಕೊಟ್ಟರೆ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದ.

"ತೆಗೆದುಕೊಂಡು ನಾನು ಏನು ಮಾಡಲಪ್ಪಾ?"

"ಅದೂ ಹಣವೇ ಅಲ್ಲವೇ ಅಕ್ಕಾ? ನೀವು ಯಾರಿಗೆ ಕೊಡಬೇಕೋ ಅವರಿಗೆ ಕೊಡಿ."

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ಹಣದ ಬಗ್ಗೆ ಕೋಲಾರದಲ್ಲಿ ನಾನು ಕೇಳುವ ಮಾತೆಲ್ಲ ಅದರ ಬೆಲೆ ಏರಿತೇ ಇಳಿಯಿತೇ ಎಂಬುದು. ಅದನ್ನು ಕೊಟ್ಟು ಏನಾದರೂ ಕೊಂಡವರನ್ನು ನಾನು ನೋಡಿರಲಿಲ್ಲ. ಒಬ್ಬ ರೈತ ಅದನ್ನು ಹಣವೆಂದು ಎಣಿಸಿ ಸಸಿ ಕೇಳಲು ಬಂದಿದ್ದಾನೆ. ಹಾಗಾದರೆ ಅದು ನಮ್ಮ ಈ ಸುತ್ತಿನಲ್ಲಿ ಎಷ್ಟು ದೂರ ಹೋಗುತ್ತದೆ ಎಂದು ನೋಡಿಯೇಬಿಡೋಣ ಎನಿಸಿತು. ಬಿ.ಕಾಂ. ಓದುತ್ತಿರುವ ಮಗಳೂ ಜೊತೆಗೆ ನಿಂತಳು. ಕಾನೂನಿನ ವಿಷಯವನ್ನು ಮೊದಲು ಅವಳೇ ನೋಡಿದಳು. ಬ್ಯಾಂಕುಗಳು ಕ್ರಿಪ್ಟೊ ವ್ಯವಹಾರಕ್ಕೆ ಸೇವೆ ಕೊಡಬಾರದು ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದು ಮಾಡಿದೆ. ಇಟ್ಟುಕೊಳ್ಳುವುದು, ಮಾರುವುದು ಅಪರಾಧವಲ್ಲ. ಆದರೆ ಅದಕ್ಕೆ ಕಾನೂನುಬದ್ಧ ಚಲಾವಣೆಯ ಮಾನ್ಯತೆ ಇಲ್ಲ. ಬೇಡ ಎನ್ನುವ ಹಕ್ಕು ಎಲ್ಲರಿಗೂ ಇದೆ.

ಆರು ಸಾವಿರ ಟೊಮೆಟೊ ಸಸಿ, ಒಂದಕ್ಕೆ 1 ರೂಪಾಯಿ 20 ಪೈಸೆ, ಒಟ್ಟು 7,200 ರೂಪಾಯಿ. ಅರ್ಧ ಮುಂಗಡ, ಅರ್ಧ ಸಸಿ ಎತ್ತುವಾಗ. ಎಲ್ಲ ಗಿರಾಕಿಗಳಿಗೂ ಇರುವ ಕರಾರೇ ಇದು.

ಮೊದಲು ಮೊಬೈಲಿನಲ್ಲಿ ಬಿಟ್‌ಕಾಯಿನ್ ಇಟ್ಟುಕೊಳ್ಳುವ ವಾಲೆಟ್ ಆ್ಯಪ್ ಹಾಕಿಕೊಂಡೆವು. ಅದು ಹೆಸರು ಕೇಳಲಿಲ್ಲ, ವಿಳಾಸ ಕೇಳಲಿಲ್ಲ. ಹನ್ನೆರಡು ಇಂಗ್ಲಿಷ್ ಪದಗಳನ್ನು ತೋರಿಸಿ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ ಎಂದಿತು. ಮೊಬೈಲ್ ಕಳೆದರೂ ಆ ಪದಗಳಿದ್ದರೆ ಹಣ ವಾಪಸು ಸಿಗುತ್ತದೆ. ಆ ಕಾಗದ ಬೇರೆಯವರ ಕೈಗೆ ಸಿಕ್ಕರೆ ಹಣ ಅವರದು. ಎರಡೂ ಕಳೆದರೆ ದೂರು ಹೇಳಿಕೊಳ್ಳಲು ಶಾಖೆ ಇಲ್ಲ, ಮ್ಯಾನೇಜರ್ ಇಲ್ಲ. ಬ್ಯಾಂಕಿನ ಹಂಗಿಲ್ಲದ ಹಣ ಎಂದು ಯುವಕ ಇದನ್ನೇ ಹೊಗಳುತ್ತಾನೆ, ಅದರಲ್ಲಿ ನಿಜವಿದೆ. ಆದರೆ ನಮ್ಮಲ್ಲಿ ಕೆಲಸ ಮಾಡುವ ಹೆಂಗಸರಲ್ಲಿ ಕನ್ನಡವನ್ನೇ ಕಷ್ಟಪಟ್ಟು ಓದುವವರಿದ್ದಾರೆ. ಅವರ ವಾರದ ಕೂಲಿ ಹನ್ನೆರಡು ಇಂಗ್ಲಿಷ್ ಪದಗಳ ಮೇಲೆ ನಿಂತಿರುವುದನ್ನು ನಾನು ಒಪ್ಪಲಾರೆ. ಕಾಗದವನ್ನು ಬೀರುವಿನಲ್ಲಿ ಪಹಣಿಯ ಜೊತೆ ಇಟ್ಟೆ.

ಆ ದಿನ ಒಂದು ಬಿಟ್‌ಕಾಯಿನ್‌ಗೆ ಸುಮಾರು 90 ಲಕ್ಷ ರೂಪಾಯಿ. ಒಂದು ಬಿಟ್‌ಕಾಯಿನ್ ಎಂದರೆ ಹತ್ತು ಕೋಟಿ ಸಾತೋಶಿ. ಆ ಲೆಕ್ಕದಲ್ಲಿ 3,600 ರೂಪಾಯಿಗೆ 40,000 ಸಾತೋಶಿ. ಅವನು ನನ್ನ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಕಳುಹಿಸಿದ. ಮೊತ್ತ ತಕ್ಷಣವೇ ಪರದೆಯಲ್ಲಿ ಕಾಣಿಸಿತು, ಜೊತೆಗೆ ಇನ್ನೂ ದೃಢಪಟ್ಟಿಲ್ಲ ಎಂಬ ಸೂಚನೆ. ಜಗತ್ತಿನಾದ್ಯಂತ ನಡೆದ ಪಾವತಿಗಳನ್ನು ಸರಾಸರಿ ಹತ್ತು ನಿಮಿಷಕ್ಕೊಂದರಂತೆ ಬ್ಲಾಕ್ ಎಂಬ ಕಂತೆಯಲ್ಲಿ ಸೇರಿಸುತ್ತಾರೆ; ಅದರಲ್ಲಿ ಸೇರಿದ ಮೇಲೆಯೇ ಪಾವತಿ ಗಟ್ಟಿ. ಮುಂಗಡವಾದ್ದರಿಂದ ನಮಗೆ ಅವಸರವಿರಲಿಲ್ಲ. ಚಹಾ ಕುಡಿಯುತ್ತ ಮಾತನಾಡಿದೆವು, ಅಷ್ಟರಲ್ಲಿ ದೃಢಪಟ್ಟಿತು. ಯಾವ ಬ್ಯಾಂಕಿನ ಅಪ್ಪಣೆಯೂ ಇಲ್ಲದೆ ಒಂದು ಫೋನಿನಿಂದ ಇನ್ನೊಂದು ಫೋನಿಗೆ ಮೌಲ್ಯ ದಾಟಿದ್ದು ನೋಡಿ ನಿಜವಾಗಿಯೂ ಬೆರಗಾಯಿತು.

ಅದನ್ನು ಮುಂದೆ ದಾಟಿಸುವುದು ನನ್ನ ಪಾಲಿನ ಕೆಲಸವಾಗಿತ್ತು.

ಬೀಜದಂಗಡಿಯವರು ನಮ್ಮ ಹಳೆಯ ಪರಿಚಯಸ್ಥರು. ಪೂರ್ತಿ ಕೇಳಿಸಿಕೊಂಡು, "ನಾನು ಕಂಪನಿಗೆ ಕಟ್ಟುವುದು ರೂಪಾಯಿಯಲ್ಲಿ, ಜಿಎಸ್‌ಟಿ ಕಟ್ಟುವುದು ರೂಪಾಯಿಯಲ್ಲಿ. ಇದನ್ನು ತೆಗೆದುಕೊಂಡು ನಡುವೆ ನಾನೊಬ್ಬ ಯಾಕೆ ಸಿಕ್ಕಿಹಾಕಿಕೊಳ್ಳಲಿ ಅಮ್ಮಾ?" ಎಂದರು. ಕೋಕೋಪೀಟ್ ಕಳುಹಿಸುವವರು ಫೋನಿನಲ್ಲೇ ಬೇಡ ಎಂದರು. ವಿದ್ಯುತ್ ಬಿಲ್ ಕೇಳುವ ಹಾಗೇ ಇಲ್ಲ. ಟ್ರೇ ತುಂಬುವ ಹೆಂಗಸರಲ್ಲಿ ಹಿರಿಯರಾದವರು ಎಲ್ಲರ ಪರವಾಗಿ ಕೇಳಿದ ಪ್ರಶ್ನೆ ಬಹಳ ಸರಳವಾಗಿತ್ತು: "ಇದಕ್ಕೆ ಅಂಗಡಿಯವನು ಅಕ್ಕಿ ಕೊಡುತ್ತಾನಾ? ಸಂಘದ ಕಂತಿಗೆ ಹಿಡಿಯುತ್ತಾರಾ?" ಎರಡಕ್ಕೂ ಇಲ್ಲ ಎಂದೆ. ಅವರಲ್ಲಿ ಯಾರಿಗೂ ತಂತ್ರಜ್ಞಾನದ ಭಯವಿಲ್ಲ. ಎಲ್ಲರ ಮನೆಯಲ್ಲೂ ಯುಪಿಐ ಇದೆ. ಊರಿನ ಚಿಲ್ಲರೆ ಅಂಗಡಿಯ ಸೌಂಡ್‌ಬಾಕ್ಸ್ ಬಂದ ಮೊತ್ತವನ್ನು ಕನ್ನಡದಲ್ಲೇ ಕೂಗಿ ಹೇಳುತ್ತದೆ. ಅವರು ನೋಡಿದ್ದು ತಮ್ಮ ಮುಂದಿನವನು ಅದನ್ನು ಹಿಡಿಯುತ್ತಾನೋ ಇಲ್ಲವೋ ಎಂಬುದನ್ನು. ಹೀಗೆ ಆ 40,000 ಸಾತೋಶಿ ನನ್ನ ಫೋನಿನಲ್ಲೇ ಉಳಿಯಿತು. ಬೀಜಕ್ಕೂ ಕೂಲಿಗೂ ಕೈಯಿಂದ ಹಾಕಿದೆ.

ಸಸಿ ಎತ್ತುವ ದಿನ ಬಂದಾಗ ನಿಜವಾದ ಕಗ್ಗಂಟು ಎದುರಾಯಿತು. ಅಷ್ಟರಲ್ಲಿ ಒಂದು ಬಿಟ್‌ಕಾಯಿನ್ 95 ಲಕ್ಷದ ಹತ್ತಿರ ಹೋಗಿತ್ತು. ಬಾಕಿ ಎಷ್ಟು? ಮುಂಗಡದ ದಿನ ಒಟ್ಟು 80,000 ಸಾತೋಶಿ ಎಂದು ಮಾತಾಗಿತ್ತು ಎಂದು ಹಿಡಿದರೆ ಅವನು ಇನ್ನೂ 40,000 ಕೊಡಬೇಕು. ಅದರ ಬೆಲೆ ಈಗ 3,800 ರೂಪಾಯಿ. ರೂಪಾಯಿ ಲೆಕ್ಕ ಹಿಡಿದರೆ 3,600 ರೂಪಾಯಿಗೆ ಸುಮಾರು 37,900 ಸಾತೋಶಿ ಸಾಕು. ಅವನು ಫೋನ್ ನೋಡಿ, "ಸಸಿಯ ದರ ರೂಪಾಯಿಯಲ್ಲಿ ತಾನೇ ಇದ್ದದ್ದು ಅಕ್ಕಾ, ಹಾಗೆಯೇ ಕೊಡುತ್ತೇನೆ" ಎಂದ. ನಾನು ಒಪ್ಪಿದೆ, ಏಕೆಂದರೆ ನನ್ನ ದರಪಟ್ಟಿ ಇರುವುದೂ ಹಾಗೆಯೇ. ಬೆಲೆ ಇಳಿದಿದ್ದರೆ ನಾನೂ ರೂಪಾಯಿ ಲೆಕ್ಕವನ್ನೇ ಕೇಳುತ್ತಿದ್ದೆ. ಬಿಟ್‌ಕಾಯಿನ್ ಮೇಲೆ ಅಷ್ಟು ನಂಬಿಕೆಯಿದ್ದ ಅವನೂ ಬಾಕಿ ಎಣಿಸುವಾಗ ರೂಪಾಯಿಗೇ ಬಂದ. ನಾವು ಇಬ್ಬರೂ ಬೆಲೆಯನ್ನು ಅಳೆದದ್ದು ರೂಪಾಯಿಯಲ್ಲಿ. ಸಾತೋಶಿ ಅದನ್ನು ಸಾಗಿಸಿದ ಗಾಡಿ ಅಷ್ಟೇ.

ಆ ದಿನ ಬ್ಲಾಕ್ ಬರುವುದೂ ತಡವಾಯಿತು. ಹತ್ತು ನಿಮಿಷ ಎಂಬುದು ಸರಾಸರಿ. ಕೆಲವೊಮ್ಮೆ ಎರಡು ನಿಮಿಷಕ್ಕೇ ಬರುತ್ತದೆ, ಕೆಲವೊಮ್ಮೆ ಮುಕ್ಕಾಲು ಗಂಟೆಯಾದರೂ ಬರುವುದಿಲ್ಲ. ನೆರಳು ಬಲೆಯ ಕೆಳಗಿಂದ ತೆಗೆದ ಸಸಿ ಟ್ರೇಗಳು ಟಾಟಾ ಏಸ್ ಗಾಡಿಯಲ್ಲಿ ಬಿಸಿಲಿಗೆ ನಿಂತಿದ್ದವು. ಎಳೆಯ ಸಸಿ ಬಾಡಿದರೆ ನಾಟಿ ಮಾಡಿದ ಮೇಲೆ ಚೇತರಿಸಿಕೊಳ್ಳುವುದು ಕಷ್ಟ. ಪರಿಚಯದ ಹುಡುಗ ಎಂದು ದೃಢಪಡುವ ಮೊದಲೇ ಗಾಡಿಯನ್ನು ಕಳುಹಿಸಿದೆ. ಪರಿಚಯವಿಲ್ಲದ ಗಿರಾಕಿಯಾಗಿದ್ದರೆ ಹಾಗೆ ಮಾಡಲಾಗುತ್ತಿರಲಿಲ್ಲ. ಬಿಟ್‌ಕಾಯಿನ್‌ನ ಮೂಲ ಜಾಲ ಸೆಕೆಂಡಿಗೆ ಏಳರ ಆಸುಪಾಸು ಪಾವತಿಗಳನ್ನಷ್ಟೇ ತಾಳಬಲ್ಲದು, ಅದೂ ಇಡೀ ಜಗತ್ತಿಗೆ. ನಮ್ಮ ಯುಪಿಐನಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ವಹಿವಾಟು ನಡೆದಿದೆ. ಭಾಗಿಸಿ ನೋಡಿದರೆ ಸೆಕೆಂಡಿಗೆ ಏಳು ಸಾವಿರ ಮೀರುತ್ತದೆ. ಬಿಟ್‌ಕಾಯಿನ್ ಜಾಲದಲ್ಲಿ ಜಾಗ ಕಡಿಮೆಯಾದಾಗ ಹೆಚ್ಚು ಶುಲ್ಕ ಕೊಟ್ಟವರು ಮುಂದೆ ಹೋಗುತ್ತಾರೆ. 2024ರ ಏಪ್ರಿಲ್ 20ರಂದು ಒಂದು ಪಾವತಿಯ ಸರಾಸರಿ ಶುಲ್ಕ ನೂರು ಡಾಲರ್ ಮೀರಿತ್ತು. ನಾವು ಕಳುಹಿಸಿದ ಸಮಯದಲ್ಲಿ ದಟ್ಟಣೆ ಇರಲಿಲ್ಲ, ಹತ್ತಾರು ರೂಪಾಯಿಯಲ್ಲಿ ಮುಗಿಯಿತು. ಆ ಏಪ್ರಿಲ್‌ನಂಥ ದಿನ ಬಂದಿದ್ದರೆ ಶುಲ್ಕವೇ ಆರು ಸಾವಿರ ಸಸಿಯ ಬೆಲೆಯನ್ನು ಮೀರುತ್ತಿತ್ತು.

ಇಲ್ಲಿ ಅವನ ಪರವಾಗಿ ಒಂದು ಮಾತು ಹೇಳಲೇಬೇಕು. ವೇಗದ ಕೊರತೆಗೆ ಉತ್ತರವಾಗಿ ಲೈಟ್ನಿಂಗ್ ಎಂಬ ಇನ್ನೊಂದು ಜಾಲವನ್ನು ಬಿಟ್‌ಕಾಯಿನ್ ಮೇಲೆಯೇ ಕಟ್ಟಿದ್ದಾರೆ. ಬೇರೆ ಆ್ಯಪ್ ಹಾಕಿಸಿ ನೂರು ರೂಪಾಯಿಯಷ್ಟನ್ನು ಕಳುಹಿಸಿ ತೋರಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು, ಶುಲ್ಕ ಒಂದು ರೂಪಾಯಿಯೂ ಆಗಲಿಲ್ಲ. ಹಾಗಾಗಿ ನಿಧಾನ ಎಂಬ ಕಾರಣಕ್ಕೆ ಕ್ರಿಪ್ಟೊ ಹಣವಾಗದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕಷ್ಟ ಬೇರೆ ಕಡೆ ಇದೆ.

ಯಾರೂ ತೆಗೆದುಕೊಳ್ಳದ ಮೇಲೆ ರೂಪಾಯಿ ಮಾಡಿಕೊಳ್ಳುವುದೇ ದಾರಿ. ಅದಕ್ಕೆ ಕ್ರಿಪ್ಟೊ ವಿನಿಮಯ ಕೇಂದ್ರದಲ್ಲಿ ಖಾತೆ ಬೇಕು. 2023ರ ಮಾರ್ಚ್‌ನಿಂದ ಇವು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿರುವುದರಿಂದ ಪಾನ್, ಆಧಾರ್, ಬ್ಯಾಂಕ್ ಖಾತೆ, ಮುಖದ ಚಿತ್ರ ಎಲ್ಲವೂ ಬೇಕು. ಪಾನ್ ಕಾರ್ಡಿನಲ್ಲಿ ನನ್ನ ಹೆಸರಿನ ಜೊತೆ ತಂದೆಯ ಹೆಸರು ಪೂರ್ತಿಯಾಗಿದೆ, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಮಾತ್ರ. ಹೆಸರು ಹೊಂದುತ್ತಿಲ್ಲ ಎಂದು ಅರ್ಜಿ ಹಿಂದಕ್ಕೆ ಬಂತು. ಬ್ಯಾಂಕಿಗೆ ಹೋಗಿ ಸರಿಪಡಿಸಿ ಮತ್ತೆ ಹಾಕಿದೆವು. ವಾಲೆಟ್‌ನಿಂದ ಅಲ್ಲಿಗೆ ಕಳುಹಿಸಿದ ಮೇಲೆ, ಇದು ಎಲ್ಲಿಂದ ಬಂತು ಎಂದು ಕೇಳಿದರು. ಸಸಿಯ ಬಿಲ್ಲಿನ ಫೋಟೊ ಹಾಕಿದೆವು. ಕೇಳಿದ್ದು ತಪ್ಪಲ್ಲ. ಕಳ್ಳ ಹಣ ಸಾಗುವ ದಾರಿಯಲ್ಲಿ ಕಾವಲು ಇರಲೇಬೇಕು. ಕಾಯುವಾಗ ಮಗಳಿಗೆ ಒಂದೇ ಚಿಂತೆ: 2024ರ ಜುಲೈನಲ್ಲಿ ದೇಶದ ಒಂದು ದೊಡ್ಡ ವಿನಿಮಯ ಕೇಂದ್ರದಿಂದಲೇ 23 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ಕ್ರಿಪ್ಟೊ ಕಳುವಾಗಿ, ಲಕ್ಷಾಂತರ ಗ್ರಾಹಕರು ತಮ್ಮ ಹಣಕ್ಕಾಗಿ ಕಾದು ಕುಳಿತದ್ದನ್ನು ಅವಳು ಓದಿದ್ದಳು. ಬ್ಯಾಂಕಿನಲ್ಲಾದರೆ ಐದು ಲಕ್ಷ ರೂಪಾಯಿವರೆಗಿನ ಠೇವಣಿಗೆ ವಿಮೆ ಇದೆ. ಇಲ್ಲಿ ಅದಿಲ್ಲ.

ಈ ನಡುವೆ ಬೆಲೆ ಇಳಿಯುತ್ತಿತ್ತು. ಮಾರಿದ ದಿನ ಬಿಟ್‌ಕಾಯಿನ್‌ಗೆ 88 ಲಕ್ಷ. ನನ್ನ ಬಳಿ ಸೇರಿದ್ದ ಸುಮಾರು 77,900 ಸಾತೋಶಿಯಲ್ಲಿ ಸಾಗಣೆಯ ಶುಲ್ಕ ಕಳೆದು 77,500 ಉಳಿದಿತ್ತು. ಅದಕ್ಕೆ 6,820 ರೂಪಾಯಿ. ಶೇ 1ರ ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿಯುವ ತೆರಿಗೆ, 68 ರೂಪಾಯಿ ಹಿಡಿದರು. ವಿನಿಮಯ ಕೇಂದ್ರದ ಶುಲ್ಕ, ಅದರ ಮೇಲೆ ಶೇ 18ರ ಜಿಎಸ್‌ಟಿ, ಎರಡೂ ಸೇರಿ ನಲವತ್ತು ರೂಪಾಯಿ. ಖಾತೆಗೆ ಬಂದದ್ದು 6,700 ಚಿಲ್ಲರೆ. ಬಿಲ್ಲಿಗಿಂತ ಐನೂರು ರೂಪಾಯಿಯ ಹತ್ತಿರ ಕಡಿಮೆ, ಅಂದರೆ ಸಸಿಗೆ ಎಂಟು ಪೈಸೆ. ನರ್ಸರಿ ನಡೆಸದವರಿಗೆ ಎಂಟು ಪೈಸೆ ಏನೂ ಅಲ್ಲ. ಬೀಜ, ಕೋಕೋಪೀಟ್, ಔಷಧಿ, ಕೂಲಿ, ಮೊಳೆಯದೆ ಹೋದ ಗುಳಿಗಳು ಎಲ್ಲವನ್ನೂ ಕಳೆದು ಸಸಿಯೊಂದಕ್ಕೆ ಪೈಸೆಗಳಲ್ಲೇ ಲಾಭ ನೋಡುವವರು ನಾವು. ಬೆಲೆ ಏರಿದ್ದರೆ ಹೆಚ್ಚು ಸಿಗುತ್ತಿತ್ತಲ್ಲ ಎನ್ನಬಹುದು. ಸಿಗುತ್ತಿತ್ತು. ಆದರೆ ಸಸಿ ಬೆಳೆಸುವವಳು ಹಣದ ಬೆಲೆಯ ಮೇಲೆ ಪಣ ಕಟ್ಟಬೇಕಾದ ಅಗತ್ಯವೇ ಬರಬಾರದು.

ತೆರಿಗೆಯ ವಿಷಯ ಕೇಳಲು ಡೂಂಲೈಟ್ ವೃತ್ತದ ಹತ್ತಿರ ಇರುವ ನಮ್ಮ ಆಡಿಟರ್ ಬಳಿಗೆ ಹೋದೆವು. ಅವರು ವಿವರಿಸಿದ್ದು ಈ ಅನುಭವದಲ್ಲೇ ನನಗೆ ಅತ್ಯಂತ ಮುಖ್ಯವಾದ ಭಾಗ. ನರ್ಸರಿಯಲ್ಲಿ ಬೆಳೆಸಿದ ಸಸಿಯಿಂದ ಬರುವ ಆದಾಯ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಅದೇ ಸಸಿಗೆ ಪಡೆದ ಬಿಟ್‌ಕಾಯಿನ್ ಅನ್ನು ಇಟ್ಟುಕೊಂಡು ಮಾರಿ ಲಾಭವಾದರೆ, 2022ರ ಏಪ್ರಿಲ್‌ನಿಂದ ಬಂದ ನಿಯಮದಂತೆ ಆ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ನನಗಾದಂತೆ ನಷ್ಟವಾದರೆ ಅದನ್ನು ಬೇರೆ ಯಾವ ಆದಾಯದಲ್ಲೂ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಇನ್ನು ಆ ಯುವಕ ನನಗೆ ಬಿಟ್‌ಕಾಯಿನ್ ಕೊಟ್ಟದ್ದನ್ನು ಕಾನೂನು ಪಾವತಿ ಎಂದು ನೋಡುವುದಿಲ್ಲ. ಅವನು ತನ್ನ ಆಸ್ತಿಯನ್ನು ನನಗೆ ಮಾರಿದಂತೆ, ಅದಕ್ಕೆ ಬೆಲೆಯಾಗಿ ನಾನು ಸಸಿ ಕೊಟ್ಟಂತೆ. ಅವನು ಸಂಪಾದಿಸಿದ ದಿನದಿಂದ ಸಸಿ ಕೊಂಡ ದಿನದವರೆಗೆ ಬೆಲೆ ಏರಿದ್ದರೆ, ಆ ಏರಿಕೆಗೆ ಅವನು ಶೇ 30 ಕಟ್ಟಬೇಕು. ಬಿಟ್‌ಕಾಯಿನ್ ಕೊಟ್ಟು ಏನೇ ಕೊಂಡರೂ ಹೀಗೆಯೇ: ಟೊಮೆಟೊ ಸಸಿಗೆ ಒಂದು ಲೆಕ್ಕ, ಗೊಬ್ಬರಕ್ಕೆ ಇನ್ನೊಂದು, ಚಹಾಕ್ಕೆ ಮತ್ತೊಂದು.

"ನಿಮ್ಮ ಪಾಲಿಗೂ ಒಂದು ಕೆಲಸ ಇದೆ" ಎಂದರು ಆಡಿಟರ್. ಇಂಥ ವ್ಯವಹಾರದಲ್ಲಿ ನಾನು ಕೊಳ್ಳುವವಳು. ವರ್ಷದಲ್ಲಿ ಒಟ್ಟು ಮೊತ್ತ 50,000 ರೂಪಾಯಿ ಮೀರಿದರೆ ಶೇ 1ರ ತೆರಿಗೆಯನ್ನು ಬಿಟ್‌ಕಾಯಿನ್ ಕೊಟ್ಟವರ ಪಾನ್ ಹೆಸರಿನಲ್ಲಿ ಸರ್ಕಾರಕ್ಕೆ ಸೇರುವಂತೆ ಮಾಡುವ ಹೊಣೆ ನನ್ನದು. ದೊಡ್ಡ ವ್ಯಾಪಾರಸ್ಥರಿಗೆ ಈ ಮಿತಿ 10,000 ರೂಪಾಯಿ ಮಾತ್ರ. ನಮ್ಮ ಬಿಲ್ಲು ಮಿತಿಯೊಳಗೇ ಇತ್ತು. ಆದರೆ ಹಂಗಾಮಿನಲ್ಲಿ ನಮ್ಮಲ್ಲಿಗೆ ಬರುವ ರೈತರಲ್ಲಿ ಹತ್ತು ಮಂದಿ ಹೀಗೆ ಕೊಟ್ಟರೂ ಮಿತಿ ದಾಟುತ್ತದೆ. ಆಗ ಪ್ರತಿಯೊಬ್ಬರ ಪಾನ್ ಕೇಳಬೇಕು, ಚಲನ್ ಕಟ್ಟಬೇಕು. ಈ ತೆರಿಗೆ ಇರುವವರೆಗೆ ಕ್ರಿಪ್ಟೊ ನಮ್ಮ ದೇಶದಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆಗೆ ಇಳಿಯುವುದು ಸಾಧ್ಯವಿಲ್ಲ. ತೆರಿಗೆಯನ್ನು ತೆಗೆದುಹಾಕಿ ಎಂದು ನಾನು ಹೇಳುವುದಿಲ್ಲ. ಊಹಾಪೋಹದ ವ್ಯಾಪಾರದಲ್ಲಿ ಲಾಭ ಮಾಡುವವರು ಕಟ್ಟಲಿ. ಆದರೆ ಇದೇ ನಾಳಿನ ಹಣ ಎಂದು ಹಳ್ಳಿಯ ಹುಡುಗರಿಗೆ ಹೇಳಿಕೊಡುವವರು ಈ ನಿಯಮವನ್ನೂ ಜೊತೆಗೆ ಹೇಳಬೇಕು. ಹೇಳುವುದಿಲ್ಲ ಎಂಬುದೇ ನನ್ನ ಸಿಟ್ಟು.

ಯುವಕನ ಜೊತೆ ಈ ಚರ್ಚೆ ಇನ್ನೂ ಮುಗಿದಿಲ್ಲ. ಎಲ್ ಸಾಲ್ವಡಾರ್ ದೇಶ 2021ರ ಸೆಪ್ಟೆಂಬರ್‌ನಲ್ಲಿ ಬಿಟ್‌ಕಾಯಿನ್ ಅನ್ನು ಕಾನೂನುಬದ್ಧ ಹಣ ಮಾಡಿತಲ್ಲ ಎಂದು ಅವನು ಕೇಳಿದ. ಮಾಡಿತು, ವ್ಯಾಪಾರಿಗಳು ತೆಗೆದುಕೊಳ್ಳಲೇಬೇಕು ಎಂದೂ ಹೇಳಿತು. ಆದರೂ ಅಲ್ಲಿನ ಹೆಚ್ಚಿನ ಜನ ಡಾಲರ್‌ನಲ್ಲೇ ವ್ಯವಹಾರ ಮುಂದುವರಿಸಿದರು. 2025ರ ಜನವರಿಯಲ್ಲಿ ಕಾನೂನನ್ನೇ ಬದಲಾಯಿಸಿ, ಬೇಕಾದವರು ತೆಗೆದುಕೊಳ್ಳಲಿ ಎಂದರು. ಹಾಗಾದರೆ ಬೆಲೆ ಅಲುಗಾಡದ ಸ್ಟೇಬಲ್‌ಕಾಯಿನ್ ಕೊಡುತ್ತೇನೆ, ಒಂದು ನಾಣ್ಯಕ್ಕೆ ಒಂದು ಡಾಲರ್ ಎಂದ. ಇದು ತೂಕದ ಮಾತು. ಅರ್ಜೆಂಟೀನಾ, ನೈಜೀರಿಯಾಗಳಲ್ಲಿ ಸ್ವಂತ ಹಣದ ಬೆಲೆ ಕುಸಿದಾಗ ಜನ ಇಂಥ ನಾಣ್ಯಗಳಲ್ಲಿ ಉಳಿತಾಯ ಮಾಡಿದ್ದಾರೆ. ಅವರ ಅಗತ್ಯವನ್ನು ಹಗುರವಾಗಿ ಕಾಣಲಾರೆ. ಆದರೆ ಕೋಲಾರದ ರೈತನ ಖರ್ಚು ಡಾಲರ್‌ನಲ್ಲಿ ಇಲ್ಲ. ನಮ್ಮ ಕಾನೂನಿನಲ್ಲಿ ಅದಕ್ಕೂ ಅದೇ ತೆರಿಗೆ, ಅದೇ ಟಿಡಿಎಸ್. ಅಲ್ಲದೆ ಡಾಲರ್‌ಗೆ ಕಟ್ಟಿಹಾಕಿದ್ದೇವೆ ಎಂದ ನಾಣ್ಯಗಳೆಲ್ಲ ನಿಂತಿಲ್ಲ. 2022ರ ಮೇ ತಿಂಗಳಲ್ಲಿ ಟೆರಾಯುಎಸ್‌ಡಿ ಎಂಬುದು ಕೆಲವೇ ದಿನಗಳಲ್ಲಿ ನೆಲಕಚ್ಚಿತು.

ಕೆಜಿಎಫ್‌ನ ಚಿನ್ನದ ಗಣಿಗಳು 2001ರಲ್ಲಿ ಮುಚ್ಚುವವರೆಗೆ ಚಿನ್ನ ತೆಗೆದ ಜಿಲ್ಲೆ ನಮ್ಮದು. ಆದರೂ ಇಲ್ಲಿ ಯಾರೂ ಸರದಿಂದ ಒಂದು ಗುಂಡು ಕಿತ್ತು ಸಂತೆಯಲ್ಲಿ ಬದನೆಕಾಯಿ ಕೊಂಡಿಲ್ಲ. ಕೂಡಿಡುತ್ತೇವೆ, ಕಷ್ಟ ಬಂದಾಗ ಗಿರವಿ ಇಡುತ್ತೇವೆ, ಮಗಳ ಮದುವೆಗೆ ತೆಗೆಯುತ್ತೇವೆ. 2.1 ಕೋಟಿಗಿಂತ ಹೆಚ್ಚು ಹುಟ್ಟಲಾರದ ಬಿಟ್‌ಕಾಯಿನ್‌ಗೂ ಆ ಗುಣ ಬರಬಹುದು. ನಷ್ಟ ತಾಳುವ ಶಕ್ತಿ ಇರುವವರು ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಸಸಿಯ ಮುಂಗಡವನ್ನು, ಬೀಜದ ಹಣವನ್ನು, ಕೂಲಿಯನ್ನು ಅದಕ್ಕೆ ಹಾಕುವುದಕ್ಕೆ ಮಾತ್ರ ನನ್ನ ತಕರಾರಿದೆ, ಮತ್ತು ಆ ಮಾತನ್ನು ನರ್ಸರಿಗೆ ಬರುವ ಹುಡುಗರಿಗೆಲ್ಲ ಬಿಡಿಸಿ ಹೇಳುತ್ತಿದ್ದೇನೆ.

ಈ ಹಂಗಾಮಿಗೆ ಅವನು ದಪ್ಪ ಮೆಣಸಿನಕಾಯಿ ಸಸಿ ಕೇಳಿದ್ದಾನೆ. ಕಂಪನಿಯಿಂದ ಬರುವುದು ಈಗಲೂ ಬಿಟ್‌ಕಾಯಿನ್‌ನಲ್ಲೇ. ಬಂದ ದಿನವೇ ಖರ್ಚಿಗೆ ಬೇಕಾದಷ್ಟನ್ನು ತಾನೇ ಮಾರಿ ರೂಪಾಯಿ ಮಾಡಿಕೊಳ್ಳುತ್ತಾನೆ, ಉಳಿದದ್ದನ್ನು ಇಟ್ಟುಕೊಳ್ಳುತ್ತಾನೆ. ಮುಂಗಡವನ್ನು ಯುಪಿಐನಲ್ಲಿ ಕಳುಹಿಸಿದ. ಆ ಹಣ ಅದೇ ವಾರ ಬೀಜದಂಗಡಿಗೆ ಹೋಯಿತು.